ಅಂಬಿಗರ ಹಣಮವ್ವನ ರೋಜಾ ತಿಂಗಳು

ಅಂಬಿಗರ ಹಣಮವ್ವನಿಗೆ ಹಸಿವು ತಡೆಯುವುದೆಂದರೆ ಆಗದ ಮಾತು. ಮುಂಜಾನೆಯ ರೊಟ್ಟಿ ಒಂದು ಗಳಿಗೆ ತಡವಾದರೆ ಅತ್ತೆ, ಗಂಡ, ಹೊಳೆ, ದೋಣಿ ಯಾರನ್ನೂ ಬಿಡದೆ ಬಯ್ಯುವಳು. ಸೋಮವಾರದ ಒಪ್ಪತ್ತು ಹಿಡಿದು, ಮಧ್ಯಾಹ್ನಕ್ಕೇ ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡು, ಆಮೇಲೆ ಶಿವನೆದುರು ಕೆನ್ನೆ ಬಡಿದುಕೊಂಡ ಹೆಂಗಸು ಅವಳು. ಅಂಥವಳು ವರ್ಷಕ್ಕೊಂದು ತಿಂಗಳು ಮಾತ್ರ ಹಗಲಲ್ಲಿ ದೋಣಿಯ ಮೇಲೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಬಾಯಾರಿದರೆ ದಂಡೆಗೆ ಇಳಿದು, ಬೇವಿನ ಮರದ ಮರೆಗೆ ಹೋಗಿ, ಸೆರಗು ಅಡ್ಡ ಹಿಡಿದು ಕುಡಿದು ಬರುವಳು. ಅದೇ ದೋಣಿಯ ಮೇಲೆ ಅವಳ ಜೊತೆ ದುಡಿಯುವ ಸಲಾವುದ್ದೀನ ಕಾಕಾ ಮತ್ತು ಅವನ ತಮ್ಮನ ಮಗ ಸಿಕಂದರ ಆ ತಿಂಗಳು ರಂಜಾನಿನ ರೋಜಾ ಇರುತ್ತಿದ್ದರು. ಹಸಿದವರ ಮುಂದೆ ಗಂಟಲು ಗಟಗಟ ಅನ್ನಿಸುವುದು ಮನುಷ್ಯರ ಲಕ್ಷಣವಲ್ಲ ಎಂಬುದು ಅವಳ ಲೆಕ್ಕ.

ಕರಜಗಿಯಿಂದ ಹೊಳೆಯ ಕಡೆ ಇಳಿದರೆ ಭೀಮೆಯ ದಂಡೆಗೆ ಹತ್ತಿಪ್ಪತ್ತು ಮನೆಗಳ ಒಂದು ಓಣಿ. ಓಣಿಯ ಕಟ್ಟಕಡೆಯ ಗುಡಿಸಲು ಇವರದು. ಅತ್ತೆ ರೇವಮ್ಮ, ಗಂಡ ಬೀರಣ್ಣ, ಇವಳು, ಮೂರೇ ಜನ. ದೋಣಿಗೆ ಎರಡು ಹುಟ್ಟು. ಒಂದು ಬೀರಣ್ಣನ ಮನೆತನದ್ದು, ಇನ್ನೊಂದು ಸಲಾವುದ್ದೀನ ಕಾಕಾನ ಮನೆತನದ್ದು. ಅಜ್ಜಂದಿರ ಕಾಲದಿಂದ ಹಾಗೇ ನಡೆದುಬಂದಿತ್ತು. ದೋಣಿಯೋ ಮುದಿಯಾಗಿ ಹಲಗೆಯ ಸಂದುಗಳಿಂದ ಸದಾ ನೀರು ಜಿನುಗುವುದು. ಹೀಗಾಗಿ ಒಬ್ಬರು ಅರ್ಧ ಕೊಯ್ದ ಡಬ್ಬಿ ಹಿಡಿದು ಕೂತು ನೀರು ಮೊಗೆದು ಹೊರಗೆ ಚೆಲ್ಲುತ್ತಲೇ ಇರಬೇಕು.

ಆ ಕೆಲಸ ಮೊದಲು ಬೀರಣ್ಣನ ತಮ್ಮನದಾಗಿತ್ತು. ಅವನು ಕಾಲರಾ ಬೇನೆಯಲ್ಲಿ ಸತ್ತ ವರ್ಷ ಡಬ್ಬಿ ಹಿಡಿಯಲು ಯಾರೂ ಸಿಗಲಿಲ್ಲ. ಹಣಮವ್ವ ಸೀರೆಯ ಕಚ್ಚೆ ಹಾಕಿ ತಾನೇ ಹತ್ತಿದಳು. ಹೆಣ್ಣು ಹತ್ತಿದ ದೋಣಿ ಮುಳುಗುತ್ತದೆ ಎಂದು ಊರು ಬಾಯಿಗೆ ಬಂದ ಹಾಗೆ ಆಡಿತು. ಬೀರಣ್ಣ ಕೂಡ ಹಿಂದೆಮುಂದೆ ನೋಡಿದ. ಆಗ ಸಲಾವುದ್ದೀನ ಕಾಕಾ ಹುಟ್ಟಿನ ಮೇಲೆ ಕೈಯಿಟ್ಟು, ಮುಳುಗಿದರೆ ಎಲ್ಲರೂ ಕೂಡಿಯೇ ಮುಳುಗೋಣ, ಕೂಡು ಮಗಳೇ ಎಂದಿದ್ದ. ಹನ್ನೊಂದು ವರ್ಷವಾಯಿತು, ದೋಣಿ ಮುಳುಗಲಿಲ್ಲ. ಆಡಿದವರೆಲ್ಲ ಅದೇ ದೋಣಿಯಲ್ಲಿ ಕೂತು ಆಚೆ ದಂಡೆಯ ಹೊಲಗಳಿಗೆ ಹೋಗಿ ಬಂದರು. ಮುಂದೆ ಹಣಮವ್ವ ಹುಟ್ಟು ಹಾಕುವುದನ್ನೂ ಕಲಿತಳು.

ರೋಜಾ ತಿಂಗಳು ಬಂತೆಂದರೆ ದೋಣಿಯ ಸರದಿ ತಾನಾಗಿ ಬದಲಾಗುವುದು. ಯಾರೂ ಯಾರನ್ನೂ ಕೇಳುವಂತಿಲ್ಲ, ಹೇಳುವಂತಿಲ್ಲ. ಮುಂಜಾನೆ ಮೈಯಲ್ಲಿ ಕಸುವಿರುವಾಗ ಕಾಕಾ ಮತ್ತು ಸಿಕಂದರ ಹುಟ್ಟು ಹಾಕುವರು. ಹೊತ್ತು ನೆತ್ತಿಗೆ ಬಂದ ಮೇಲೆ ಬೀರಣ್ಣ, ಹಣಮವ್ವ ಹುಟ್ಟಿಗೆ ಬರುವರು. ರೋಜಾದವರು ಕೂತಲ್ಲೇ ಕೂತು ಡಬ್ಬಿಯಲ್ಲಿ ನೀರು ಮೊಗೆಯುವರು. ಸಂಜೆಯ ಕಡೆಯ ಸರದಿಯಲ್ಲಿ ಆಚೆ ದಂಡೆಯ ಹೊಲಗಳಿಂದ ಮರಳುವ ಜನರನ್ನು ತರಬೇಕು. ಆದ್ದರಿಂದ ರೋಜಾ ಬಿಡುವ ಹೊತ್ತು ಯಾವಾಗಲೂ ಹೊಳೆಯ ನಡುವೆಯೇ ಆಗುವುದು. ಸಿಕಂದರ ಚಿಂದಿ ಬಟ್ಟೆಯ ಗಂಟಿನಿಂದ ಎರಡು ಉಪ್ಪಿನ ಹರಳು ತೆಗೆಯುವನು. ಒಂದು ಕಾಕಾನಿಗೆ, ಒಂದು ತನಗೆ. ಹಣಮವ್ವ ನೀರಿನ ತಂಬಿಗೆಯನ್ನು ಮೊದಲು ಅವರ ಕಡೆ ಸರಿಸಿ ಆಮೇಲೆ ತಾನು ಕುಡಿಯುವಳು.

ಇಷ್ಟು ವರ್ಷ ಹೊತ್ತು ತಿಳಿಯಲು ತೊಂದರೆ ಇರಲಿಲ್ಲ. ಸೂರ್ಯ ಮುಳುಗುತ್ತಲೇ ಮೇಲಿನ ಊರಿನ ಮಸೀದಿಯಲ್ಲಿ ನಗಾರಿ ಬಡಿಯುವರು, ಜೊತೆಗೆ ಒಂದು ಗರ್ನಾಲು ಸಿಡಿಸುವರು. ಮಳೆಗಾಲದ ಹೊಳೆಯ ಸದ್ದಿನಲ್ಲಿ ನಗಾರಿ ದೋಣಿಗೆ ಕೇಳದಿದ್ದರೂ ಗರ್ನಾಲಿನ ಸದ್ದು ಕೇಳಿಯೇ ಕೇಳುವುದು.

ಆದರೆ ಅದು ನಲವತ್ತೆಂಟನೆಯ ಇಸವಿ. ಆಚೆ ದಂಡೆ ಮುಂಬಯಿ ಇಲಾಖೆ, ಅಲ್ಲಿಗೆ ಸ್ವಾತಂತ್ರ್ಯ ಬಂದು ವರ್ಷ ತುಂಬುತ್ತ ಬಂದಿತ್ತು. ಈಚೆ ದಂಡೆ ನಿಜಾಮರ ಮೊಗಲಾಯಿ, ಇಲ್ಲಿಗೆ ಏನು ಬರಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಈಚೆಯಿಂದ ಓಡಿಹೋದವರು ಆಚೆ ಶಿಬಿರ ಹಾಕಿಕೊಂಡು, ಬಂದೂಕು ಹಿಡಿದು, ಹೊಳೆ ದಾಟಿ ಕಾವಲಿನ ನಾಕೆಗಳ ಮೇಲೆ ಬೀಳುತ್ತಿದ್ದರು. ಈಚೆ ಖಾಕಿ ತೊಟ್ಟವರು ಊರೂರು ಹೊಕ್ಕು ಜನರನ್ನು ಎಳೆದೊಯ್ಯುತ್ತಿದ್ದರು. ಸಾಮಾನಿನ ಸಾಗಾಟ ನಿಂತು ಉಪ್ಪು, ಚಿಮಣಿ ಎಣ್ಣೆ ಕಣ್ಣಿಗೆ ಕಾಣದಾದವು. ಆಚೆ ದಂಡೆಯಲ್ಲಿ ಹೊಲವಿದ್ದವರಿಗೆ ಮಾತ್ರ ಸೂರ್ಯ ಮುಳುಗುವ ತನಕ ಹಾದು ಬರಲು ಪರವಾನಗಿ ಇತ್ತು. ಅತ್ತ ದರಿ ಇತ್ತ ಪುಲಿ, ನಡುವೆ ಈ ನಾಲ್ವರ ದೋಣಿ.

ರೋಜಾ ಸುರುವಾದ ಎರಡನೆಯ ಸಂಜೆ ಗರ್ನಾಲಿನ ಸದ್ದಿಗೆ ಆಚೆಯ ಹಳ್ಳಿಯವರು ಗುಂಡು ಹಾರಿತೆಂದು ತಿಳಿದು, ಕೂಸುಕುನ್ನಿ ಕಟ್ಟಿಕೊಂಡು ರಾತ್ರಿಯಿಡೀ ಮಳೆಯಲ್ಲಿ ಹೊಲದಲ್ಲಿ ಅಡಗಿ ಕೂತರಂತೆ. ಮರುದಿನವೇ ನಾಕೆಯ ಜಮಾದಾರ ಗರ್ನಾಲು ನಿಲ್ಲಿಸಿದ. ನಗಾರಿಯೊಂದೇ ಉಳಿಯಿತು. ಆಷಾಢದ ಮೋಡ ಆಕಾಶಕ್ಕೆ ಕಂಬಳಿ ಹೊದಿಸಿತ್ತು, ಸೂರ್ಯ ಎಲ್ಲಿದ್ದಾನೋ ಕಾಣದು. ಹೊತ್ತಿಗೆ ಮುಂಚೆ ಬಿಟ್ಟರೆ ದಿನದ ಉಪವಾಸವೆಲ್ಲ ಹೊಳೆಯ ಪಾಲು ಎಂದು ಕಾಕಾ ಕಪ್ಪು ಕತ್ತಲಾಗುವ ತನಕ ಉಪ್ಪಿನ ಹರಳು ಮುಟ್ಟುತ್ತಿರಲಿಲ್ಲ. ಎಪ್ಪತ್ತರ ಮುದುಕ. ಐದನೆಯ ದಿನ ದಂಡೆಗೆ ಇಳಿದವನೇ ಕಣ್ಣುಕತ್ತಲೆ ಬಂದು ಕೆಸರಿನಲ್ಲಿ ಬಿದ್ದ.

ಹಣಮವ್ವ ಮನೆಗೆ ಬಂದು ಬಯ್ಯಲು ಸುರುಮಾಡಿದಳು. ಕಾಕಾನನ್ನು ಬೈದಳು, ಜಮಾದಾರನನ್ನು ಬೈದಳು, ಮೋಡವನ್ನೂ ಬೈದಳು. ಮೂಲೆಯಲ್ಲಿ ಕೂತ ರೇವಮ್ಮ ಎಲ್ಲ ಕೇಳಿಸಿಕೊಂಡು ನಿಧಾನವಾಗಿ ಒಂದು ಮಾತು ತೆಗೆದಳು. ನಗಾರಿ ದೋಣಿಗೆ ಕೇಳದಿದ್ದರೇನು, ನಮ್ಮ ಅಂಗಳಕ್ಕೆ ಕೇಳುತ್ತದೆ. ಬೇವಿನ ಕೊಂಬೆಗೆ ಹಗ್ಗ ಹಾಕಿ ಕೊಟ್ಟರೆ, ನಗಾರಿ ಕೇಳುತ್ತಲೇ ನಾನು ಕಂದೀಲು ಮೇಲೆ ಏರಿಸುತ್ತೇನೆ, ಹೊಳೆಯ ನಡುವಿನಿಂದ ಕಾಣುತ್ತದೆ ಎಂದಳು. ಮನೆಯಲ್ಲಿ ಉಳಿದದ್ದು ಒಂದು ಬಾಟಲಿ ಚಿಮಣಿ ಎಣ್ಣೆ. ಅದು ತಿಂಗಳಿಗೆ ಸಾಲಬೇಕಾದರೆ ಮನೆಯೊಳಗೆ ದೀಪ ಹಚ್ಚುವಂತಿಲ್ಲ. ಕಣ್ಣಿಗೆ ಪೊರೆ ಬಂದ ಮುದುಕಿಗೆ ಹಗಲೇನು ರಾತ್ರಿಯೇನು ಎಂದು ತಾನೇ ನಕ್ಕಳು. ಬೀರಣ್ಣ ಅಂದೇ ಹಗ್ಗ ಕಟ್ಟಿದ.

ಆರು ಸಂಜೆ ಎಲ್ಲ ಸುರಳೀತ ನಡೆಯಿತು. ಈಚೆ ದಂಡೆಯ ಕತ್ತಲಲ್ಲಿ ಒಂದು ಚುಕ್ಕೆ ಬೆಳಕು ಮೆಲ್ಲಗೆ ಮೇಲೆ ಏರುವುದು, ಕಾಕಾ ಬಿಸ್ಮಿಲ್ಲಾ ಅಂದು ಉಪ್ಪು ನಾಲಿಗೆಗೆ ಇಡುವನು. ರೇವಕ್ಕನ ಕೈ ಗಡಿಯಾರಕ್ಕಿಂತ ಪಕ್ಕಾ ಎಂದು ಅವನು ನಗುವನು. ಆ ಕಾಲದಲ್ಲಿ ಹೊಳೆಯ ದಂಡೆಯಲ್ಲಿ ದೀಪ ಏರಿಸುವುದೆಂದರೆ ಏನೆಂದು ಇವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೂರು ತಲೆಮಾರು ಹೊಳೆಯನ್ನು ಹೊಳೆಯೆಂದೇ ತಿಳಿದವರು, ಅದು ಈಗ ಸರಹದ್ದಾಗಿದೆ ಎಂಬುದನ್ನು ಮರೆತರು. ತಪ್ಪಿದ್ದರೆ ಅದೇ ತಪ್ಪು.

ಏಳನೆಯ ಸಂಜೆ ಕಂದೀಲು ಏರಿ ಅರ್ಧ ಗಳಿಗೆಯೂ ಆಗಿರಲಿಲ್ಲ, ಶಿಬಿರದವರು ಮೇಲಿನ ತಿರುವಿನಲ್ಲಿ ಹೊಳೆ ದಾಟಿ ಬಂದು ನಾಕೆಯ ಮೇಲೆ ಗುಂಡು ಹಾರಿಸಿದರು. ಒಬ್ಬ ಜವಾನ ಸತ್ತ. ರೋಜಾ ಬಿಡಲು ಕೂತವನು, ಕೈಯಲ್ಲಿ ಇನ್ನೂ ಖರ್ಜೂರ ಇತ್ತಂತೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗಾಯಿತು. ಆದರೆ ಸತ್ತವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ ಜಮಾದಾರನಿಗೆ ಕಾಗೆಯ ಕಥೆ ಹೇಳುವವರು ಯಾರು?

ಬೆಳಗಾಗುತ್ತಲೇ ಅವನು ಓಣಿಗೆ ಬಂದ. ರಾಯಚೂರು ಕಡೆಯವನು, ಕನ್ನಡ ಬಲ್ಲವನು, ಮೂವತ್ತು ದಾಟದ ವಯಸ್ಸು. ನಿದ್ದೆಗೆಟ್ಟ ಕಣ್ಣು ಕೆಂಡವಾಗಿದ್ದವು. ಕಂದೀಲು ಏರಿಸಿದವರು ಯಾರೆಂದು ಕೇಳಿದ. ರೇವಮ್ಮ ಬಾಯಿ ತೆಗೆಯುವ ಮೊದಲೇ ಬೀರಣ್ಣ, ಹಗ್ಗ ಕಟ್ಟಿದವನು ನಾನು ಎಂದು ಮುಂದೆ ಬಂದ. ಅಲ್ಲೇ ಅವನ ಕೈ ಹಿಂದಕ್ಕೆ ಕಟ್ಟಿದರು. ಶಿಬಿರದವರಿಗೆ ಸನ್ನೆ ಮಾಡಿದ ಆರೋಪ. ಆ ಆರೋಪ ಹೊತ್ತು ಮೇಲಿನ ಠಾಣೆಗೆ ಹೋದ ಇಬ್ಬರು ಆ ಸೀಮೆಯಲ್ಲಿ ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಣಮವ್ವನಿಗೆ ಅದು ಗೊತ್ತು. ಬಯ್ಯುವುದನ್ನೂ ಮರೆತು ಅವಳು ಗಂಡನ ತೋಳು ಹಿಡಿದುಕೊಂಡಳು.

ಸುದ್ದಿ ಕೇಳಿ ಕಾಕಾ, ಸಿಕಂದರ ಓಡಿ ಬಂದರು. ದೀಪ ತಮ್ಮ ರೋಜಾಕ್ಕಾಗಿ ಎಂದು ಸಿಕಂದರ ಕೈಮುಗಿದು ಎಲ್ಲ ಬಿಡಿಸಿ ಹೇಳಿದ. ಜಮಾದಾರ ಗುಡಿಸಲಿನ ಒಳಗೆ ಇಣುಕಿ ನೋಡಿದ. ಒಳಗೆ ಹಗಲಲ್ಲೂ ಕತ್ತಲು.

"ಎಣ್ಣಿ ಬಂಗಾರ ಆಗ್ಯಾದ," ಎಂದ ಅವನು. "ಒಬ್ಬ ಹಿಂದೂ ಮುದುಕಿ ತನ್ನ ಮನಿ ಕತ್ತಲ ಮಾಡಿಕೊಂಡು ನಿಮ್ಮ ರೋಜಾಕ್ಕ ಎಣ್ಣಿ ಸುಡ್ತಾಳ? ಇದನ್ನ ನಾ ನಂಬಬೇಕಾ?"

"ಸುಡ್ತಾಳ್ರಿ," ಎಂದ ಸಲಾವುದ್ದೀನ ಕಾಕಾ.

ಜಮಾದಾರ ಮುದುಕನ ಕಡೆ ತಿರುಗಿದ. ಆಮೇಲೆ ಒಂದು ಮಾತು ಹೇಳಿದ. ಬೀರಣ್ಣ ನಾಳೆ ಸಂಜೆಯ ತನಕ ನಾಕೆಯಲ್ಲೇ ಇರಲಿ. ನಾಳೆ ಸಂಜೆ ಮುದುಕಿ ಎಂದಿನಂತೆ ಕಂದೀಲು ಏರಿಸಲಿ, ದೋಣಿ ಎಂದಿನಂತೆ ಹೋಗಲಿ, ನಾನೂ ದೋಣಿಯಲ್ಲಿ ಕೂಡುತ್ತೇನೆ. ಸುಳ್ಳೆಂದು ಕಂಡರೆ ರಾತ್ರಿಯೇ ಬೀರಣ್ಣ ಮೇಲಿನ ಠಾಣೆಗೆ. ಅಂಗಳದ ಬೇಲಿಯ ಹಿಂದೆ ಇಬ್ಬರು ಜವಾನರು ಕಾವಲು ನಿಂತರು.

ಮರುದಿನ ದೋಣಿಗೆ ಹೋಗುವ ಮುಂಚೆ ಹಣಮವ್ವ ಅತ್ತೆಯ ಎರಡೂ ಭುಜ ಹಿಡಿದು ಅಲುಗಿಸಿದಳು.

"ಅತ್ತಿ, ಇವತ್ತ ತಡಾ ಮಾಡಬ್ಯಾಡ. ಒಂದು ಚೂರೂ ತಡಾ ಮಾಡಬ್ಯಾಡ. ಕಂದೀಲು ಹೊತ್ತಿಗೆ ಸರಿ ಏರಲಿಲ್ಲಂದ್ರ ನಾವೆಲ್ಲಾ ಸುಳ್ಳರಾಗ್ತೇವಿ. ನಿನ್ನ ಮಗನ ಜೀವ ಆ ಹಗ್ಗದಾಗ ಅದ, ತಿಳೀತ?"

ರೇವಮ್ಮ ತಲೆಯಾಡಿಸಿದಳು. ಹಣಮವ್ವ ಬೆಂಕಿಪೆಟ್ಟಿಗೆ ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿ ಅವಳ ಕೈಗೆ ಕೊಟ್ಟಳು.

ಬೀರಣ್ಣನಿಲ್ಲದ ದೋಣಿ. ಅಂದು ಮಧ್ಯಾಹ್ನವೂ ಸಿಕಂದರ ಹುಟ್ಟು ಬಿಡಲಿಲ್ಲ, ಕಾಕಾನೂ ಬಿಡಲಿಲ್ಲ. ಹಣಮವ್ವ ಕಾಕಾನ ಕೈಯಿಂದ ಹುಟ್ಟು ಕಸಿಯಲು ಹೋದರೆ, ನೀ ನೀರು ಮೊಗಿ ಎಂದು ಗದರಿದ. ಹೊಳೆ ಹಿಂದಿನ ದಿನಕ್ಕಿಂತ ಮೊಳ ಏರಿತ್ತು. ಕೆಂಪು ನೀರಿನಲ್ಲಿ ಬೇರುಸಹಿತ ಜಾಲಿಗಿಡಗಳು ತೇಲಿ ಬರುತ್ತಿದ್ದವು. ಸುದ್ದಿ ಹಬ್ಬಿದ್ದರಿಂದ ಆಚೆ ದಂಡೆಗೆ ಹೋದ ನಾಲ್ಕಾರು ಜನ ಅಂದು ಹಗಲಲ್ಲೇ ಮರಳಿದ್ದರು, ಸಂಜೆ ಕರೆದು ತರುವ ಜನವೇ ಇರಲಿಲ್ಲ. ಆದರೂ ಜಮಾದಾರ ದೋಣಿ ಬಿಡಿಸಿದ.

ಹೊಳೆಯ ನಡುವೆ ದೋಣಿಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ನಿಲ್ಲಿಸಬೇಕೆಂದು ಅವನ ಅಪ್ಪಣೆ. ದೋಣಿ ನಡೆಸುವವರಿಗೆ ಗೊತ್ತು, ದಾಟುವುದು ಸುಲಭ, ನಿಲ್ಲುವುದು ಕಷ್ಟ. ಸಿಕಂದರ, ಕಾಕಾ ಇಬ್ಬರೂ ಹುಟ್ಟು ಒತ್ತುತ್ತಲೇ ಇದ್ದರು. ಜಮಾದಾರ ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು ಒಮ್ಮೆ ಆಚೆ ದಂಡೆ, ಒಮ್ಮೆ ಈಚೆ ದಂಡೆ ನೋಡುತ್ತಿದ್ದ. ಅವನಿಗೂ ರೋಜಾ. ತುಟಿ ಒಡೆದಿದ್ದವು. ಆಚೆ ದಂಡೆಯ ಜಾಲಿಯ ಮೆಳೆಯಲ್ಲಿ ಯಾರಾದರೂ ಬಂದೂಕು ಹಿಡಿದು ಕೂತಿದ್ದರೆ ಈ ಖಾಕಿ ಅಂಗಿ ಎಷ್ಟು ಚಂದ ಕಾಣುತ್ತಿರಬೇಕು ಎಂದು ಹಣಮವ್ವನಿಗೆ ಅನ್ನಿಸಿತು. ಇಂದು ಒಂದೇ ಒಂದು ಗುಂಡು ಆಚೆಯಿಂದ ಬಂದರೆ ಬೀರಣ್ಣ ಮುಗಿದಂತೆ.

ಮೋಡದ ಕೆಳಗೆ ಬೆಳಕು ಬೂದಿಯಾಯಿತು. ಎಂದಿನ ಅಂದಾಜಿನಲ್ಲಿ ಹೊತ್ತಾಯಿತು ಎಂದು ಅವಳ ಹೊಟ್ಟೆಗೆ ಗೊತ್ತಾಯಿತು. ಅವಳು ಡಬ್ಬಿ ಮೊಗೆಯುತ್ತ ಈಚೆ ದಂಡೆಯ ಬೇವಿನ ಕಡೆಯೇ ಕಣ್ಣು ನೆಟ್ಟಳು. ಕಂದೀಲು ಏರಲಿಲ್ಲ.

ಹತ್ತು ಡಬ್ಬಿ ನೀರು ಚೆಲ್ಲಿದಳು. ಇಪ್ಪತ್ತು ಚೆಲ್ಲಿದಳು. ದಂಡೆಯ ಮರಗಳು ಒಂದಕ್ಕೊಂದು ಕೂಡಿ ಕಪ್ಪು ಗೋಡೆಯಾದವು, ಅದರಲ್ಲಿ ಬೇವು ಯಾವುದೆಂದೇ ತಿಳಿಯದಾಯಿತು. ಕಂದೀಲು ಇಲ್ಲ. ಏರಿಸು ಅತ್ತಿ, ಏರಿಸು ಎಂದು ಒಳಗೊಳಗೇ ಗೋಗರೆದಳು. ಮುದುಕಿಯ ಕೈಯಿಂದ ಬೆಂಕಿಪೆಟ್ಟಿಗೆ ಜಾರಿ ನೀರಿಗೆ ಬಿತ್ತೋ, ಜವಾನರನ್ನು ನೋಡಿ ಅಂಜಿ ಒಳಗೆ ಕೂತಳೋ, ನಗಾರಿಯೇ ಕಿವಿಗೆ ಬೀಳಲಿಲ್ಲವೋ. ಕಣ್ಣು ಕಾಣದ ಮುದುಕಿಯ ಕೈಗೆ ಗಂಡನ ಜೀವ ಕೊಟ್ಟು ಬಂದೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಅತ್ತೆಯ ಮೇಲೆ ಅಂಥ ಸಿಟ್ಟು ಅವಳಿಗೆ ಹಿಂದೆಂದೂ ಬಂದಿರಲಿಲ್ಲ.

ಜಮಾದಾರ ಕಿಸೆಯಿಂದ ಗಡಿಯಾರ ತೆಗೆದು ಕಣ್ಣಿನ ಹತ್ತಿರ ಹಿಡಿದ. ಆಮೇಲೆ ಕಾಗದದ ಪೊಟ್ಟಣ ಬಿಚ್ಚಿ ಒಂದು ಖರ್ಜೂರ ಬಾಯಿಗೆ ಇಟ್ಟುಕೊಂಡ. ಇನ್ನೆರಡು ಖರ್ಜೂರ ಅಂಗೈಯಲ್ಲಿಟ್ಟು ಹುಟ್ಟಿನವರ ಕಡೆ ಚಾಚಿದ. ಹೊತ್ತು ಮೀರಿ ಹೋಗಿದೆ, ಬಿಡಿರಿ ಎಂದ.

ಸಿಕಂದರ ಕಾಕಾನ ಮುಖ ನೋಡಿದ. ಕಾಕಾ ಖರ್ಜೂರದ ಕಡೆ ತಿರುಗಲೂ ಇಲ್ಲ.

"ಕಂದೀಲು ಇನ್ನೂ ಏರಿಲ್ರಿ ಸಾಹೇಬ್ರ," ಎಂದ.

ಗಡಿಯಾರ ಸುಳ್ಳು ಹೇಳುವುದಿಲ್ಲ ಎಂದು ಜಮಾದಾರ ಸ್ವಲ್ಪ ದನಿ ಏರಿಸಿದ. ಹೊತ್ತಾದ ಮೇಲೆ ತಡಮಾಡುವುದು ಒಳ್ಳೆಯದಲ್ಲ, ಮುದುಕನಾಗಿ ಅಷ್ಟೂ ತಿಳಿಯದೇ ಎಂದ.

"ತಿಳಿತದ್ರಿ," ಎಂದ ಕಾಕಾ. ಉಸಿರಿಗೊಂದು ಮಾತು ಬರುತ್ತಿತ್ತು. "ಆದ್ರ ಈ ದೋಣಿ ಮ್ಯಾಲ ನಾವು ರೋಜಾ ಬಿಡೂದು ರೇವಕ್ಕನ ದೀಪ ನೋಡಿ. ಇವತ್ತ ನಿಮ್ಮ ಗಡಿಯಾರ ನೋಡಿ ಬಿಟ್ರ, ನಿನ್ನಿ ನಾ ಆಡಿದ ಮಾತು ಸುಳ್ಳಾಗ್ತದ. ಬೀರಣ್ಣ ಹೋಗಿಬಿಡ್ತಾನ."

ಸಿಕಂದರನೂ ಉಪ್ಪಿನ ಗಂಟನ್ನು ಸೊಂಟಕ್ಕೆ ಮರಳಿ ಸಿಗಿಸಿ ಹುಟ್ಟು ಒತ್ತಿದ. ಹಣಮವ್ವನಿಗೆ ಆಗ ಎಲ್ಲ ತಿಳಿಯಿತು. ಮುದುಕ ಬೀರಣ್ಣನ ಜೀವವನ್ನು ತನ್ನ ಒಣಗಿದ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದಾನೆ. ಅವಳಿಗೆ ಬಿಡು ಕಾಕಾ ಎನ್ನಲೂ ಆಗಲಿಲ್ಲ, ಬಿಡಬೇಡ ಎನ್ನಲೂ ಆಗಲಿಲ್ಲ. ಅಳು ಉಕ್ಕಿ ಬಂತು, ಡಬ್ಬಿ ಮಾತ್ರ ಮೊಗೆಯುತ್ತಲೇ ಇತ್ತು.

ಎಷ್ಟು ಹೊತ್ತು ಹೀಗೆ ಕಳೆಯಿತೋ. ಕಾಕಾನ ಹುಟ್ಟು ಮೊದಲು ತಡವರಿಸಿತು, ಆಮೇಲೆ ನೀರಿನ ಮೇಲೆ ಸುಮ್ಮನೆ ಜಾರಿತು. ಅವನ ತಲೆ ಎದೆಯ ಮೇಲೆ ಬಿತ್ತು. ಅಷ್ಟೇ ಸಾಕಾಯಿತು ಭೀಮೆಗೆ. ದೋಣಿಯ ಮೂತಿ ಒಂದೇ ಸಲಕ್ಕೆ ಕೆಳಗೆ ತಿರುಗಿತು. ಕೆಳಗಡೆ ಬಂಡೆಗಳ ಹತ್ತಿರ ಸುಳಿ ಇದೆ, ಅದರ ಗೊರಗೊರ ಸದ್ದು ಕೇಳುತ್ತಿತ್ತು. ಒಂದು ಅಲೆ ಅಂಚು ಹಾರಿ ಮೊಣಕಾಲ ತನಕ ನೀರು ತಂದು ಸುರಿಯಿತು.

ಹಣಮವ್ವ ಡಬ್ಬಿಯನ್ನು ಜಮಾದಾರನ ತೊಡೆಯ ಮೇಲೆ ಎಸೆದಳು. "ಬಂದೂಕು ಬಿಡ್ರಿ, ನೀರು ಮೊಗೀರಿ," ಎಂದು ಕಿರುಚಿ, ಕಾಕಾನನ್ನು ಬದಿಗೆ ಒತ್ತಿ ಹುಟ್ಟು ಹಿಡಿದಳು. ಅವಳ ದನಿಗೆ ಎದುರಾಡಲು ಅಲ್ಲಿ ಹೊತ್ತಿರಲಿಲ್ಲ. ಜಮಾದಾರ ಬಂದೂಕು ಬದಿಗಿಟ್ಟು ಮೊಣಕಾಲೂರಿ, ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಮೊಗೆದ. ಅರ್ಧ ನೀರು ಹೊರಗೆ, ಅರ್ಧ ಅವನ ಮೈಮೇಲೆ. ಸಿಕಂದರ ಮತ್ತು ಹಣಮವ್ವ ಹಲ್ಲು ಕಚ್ಚಿ ಒತ್ತಿದರು. ಸುಳಿಯ ಅಂಚು ದೋಣಿಯನ್ನು ಎರಡು ಸಲ ಸೆಳೆಯಿತು, ಎರಡು ಸಲವೂ ಬಿಡಿಸಿಕೊಂಡರು. ಕೊನೆಗೆ ಈಚೆ ದಂಡೆಯ ಕಡೆಯ ನಿಧಾನದ ನೀರಿಗೆ ಬಂದಾಗ ಅವಳ ಅಂಗೈಯ ಸಿಪ್ಪೆ ಸುಲಿದು ಹುಟ್ಟಿನ ಮೇಲೆ ರಕ್ತ ಹತ್ತಿತ್ತು.

ಆಗ ದೂರದಲ್ಲಿ, ಮೇಲಿನ ಊರಿನಿಂದ ನಗಾರಿಯ ಸದ್ದು ಬಂತು. ಅದರ ಬೆನ್ನಿಗೇ ಕಪ್ಪು ಗೋಡೆಯಲ್ಲಿ ಒಂದು ಚುಕ್ಕೆ ಬೆಳಕು ಹೊತ್ತಿ, ತಡವರಿಸುತ್ತ, ಮೇಲೆ ಏರಿತು.

ಸಿಕಂದರ ಹುಟ್ಟು ಬಿಟ್ಟು ಉಪ್ಪಿನ ಹರಳನ್ನು ಕಾಕಾನ ತುಟಿಗೆ ಇಟ್ಟ. ಹಣಮವ್ವ ತಂಬಿಗೆ ಹಿಡಿದಳು. ಮುದುಕ ಒಂದು ಗುಟುಕು ನುಂಗಿ ಕಣ್ಣು ತೆರೆದ, ಬೆಳಕು ನೋಡಿದ, ಮತ್ತೆ ಕಣ್ಣು ಮುಚ್ಚಿದ.

ತೊಯ್ದು ತೊಪ್ಪೆಯಾದ ಜಮಾದಾರ ತಗ್ಗಿದ ದನಿಯಲ್ಲಿ ಹೇಳಿದ. ಇಂದು ನಗಾರಿ ತಡವಾಗಿ ಬಡಿಯಲು ತಾನೇ ಹೇಳಿದ್ದನಂತೆ. ಮಸೀದಿಯವರು ಒಳಗೇ ಬಾಂಗು ಕೊಟ್ಟು ರೋಜಾ ಬಿಟ್ಟರು, ನಗಾರಿಯನ್ನು ಮಾತ್ರ ತಡೆದರು. ದೀಪ ಸನ್ನೆಯಾಗಿದ್ದರೆ ಮುದುಕಿ ಎಂದಿನ ಹೊತ್ತಿಗೆ ಏರಿಸುತ್ತಾಳೆ, ರೋಜಾಕ್ಕಾಗಿದ್ದರೆ ನಗಾರಿ ಬೀಳುವ ತನಕ ಕಾಯುತ್ತಾಳೆ. ನಗಾರಿಗೆ ಮುಂಚೆ ಕಂದೀಲು ಏರಿದರೆ ಕೂಡಲೇ ಬೀರಣ್ಣನನ್ನು ಗಾಡಿಗೆ ಹಾಕಿ ಕಳಿಸಿರೆಂದು ನಾಕೆಯವರಿಗೆ ಹೇಳಿ ಬಂದಿದ್ದನಂತೆ.

ಹಣಮವ್ವ ಹುಟ್ಟು ಹಾಕುವುದನ್ನು ನಿಲ್ಲಿಸಿದಳು.

"ಸಾಹೇಬ್ರ, ನಮ್ಮ ಅತ್ತಿ ಮಾವನ ಕಾಲದಿಂದ ಇವರ ರೋಜಾ ನಾವು ಕಾಯ್ಕೊಂಡು ಬಂದೇವಿ. ನಾವಾಗಿ ಒಂದ ದಿನಾನೂ ಇವರಿಗೆ ಹೊತ್ತು ಮೀರಿಸಿಲ್ಲ. ಇವತ್ತ ಮೀರಿಸಿದವರು ನೀವು. ನೀವೂ ರೋಜಾ ಇದ್ದವರು."

ಡಬ್ಬಿ ಇನ್ನೂ ಜಮಾದಾರನ ಕೈಯಲ್ಲೇ ಇತ್ತು, ದಂಡೆ ಮುಟ್ಟುವ ತನಕ ಮೊಗೆಯುತ್ತಲೇ ಇದ್ದ.

ದಂಡೆಯಲ್ಲಿ ರೇವಮ್ಮ ಬೇವಿಗೆ ಆತು ನಿಂತಿದ್ದಳು. ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡಿದ್ದಳು, ಬಿಟ್ಟರೆ ಕಂದೀಲು ಬಿದ್ದೀತೆಂದು. ಬೇಲಿಯ ಹಿಂದಿನ ಜವಾನರು ಮುಂದೆ ಬಂದು ನಿಂತಿದ್ದರು. ಸೊಸೆಯ ಹೆಜ್ಜೆಯ ಸದ್ದು ಹಿಡಿದು ಮುದುಕಿ ಅಂಜಿದ ದನಿಯಲ್ಲಿ ಸುರುಮಾಡಿದಳು.

"ತಡಾ ಆತಂತ ಬೈಬ್ಯಾಡ ಬೇ ಹಣಮಿ. ಕತ್ತಲಾಗಿದ್ದು ನನಗೂ ತಿಳೀತು. ಕೋಳಿ ಗೂಡು ಸೇರಿದ್ವು, ಮೈಗೆ ತಂಪು ಹತ್ತಿತು. ನಾಕು ಸಲ ಕಡ್ಡಿ ಗೀರಿದೆ, ನಾಕು ಸಲ ಆರಿಸಿದೆ. ತಡಾ ಮಾಡಿದ್ರ ಬೀರ್ಯಾನ ಜೀವಾ ಹೋಗ್ತದಂತ ನೀ ಹೇಳಿದ್ದಿ. ಆದ್ರ ನಗಾರಿ ಬೀಳದ ನಾ ಹ್ಯಾಂಗ ಏರಸ್ಲಿ? ನನ್ನ ದೀಪ ನಂಬಿ ಅವರು ಹೊತ್ತಿಗೆ ಮೊದಲ ಬಾಯಿಗೆ ಹಾಕೊಂಡ್ರ, ದಿನಾ ಎಲ್ಲಾ ಹಸದದ್ದು ನೀರಾಗ ಹೋಗ್ತಿತ್ತು. ನನ್ನ ಮಗನ್ನ ಉಳಿಸಿಕೊಳ್ಳಾಕ ಅವರ ರೋಜಾ ಕೆಡಸೂದು ನನಗ ಆಗಲಿಲ್ಲ."

ಜಮಾದಾರ ಮುಖ ಆಚೆ ತಿರುಗಿಸಿ, ಬೀರಣ್ಣನ ಕೈ ಬಿಚ್ಚಿ ಕರೆತನ್ನಿ ಎಂದು ಜವಾನನನ್ನು ನಾಕೆಗೆ ಓಡಿಸಿದ.

ಹಣಮವ್ವ ಕೆಸರಿನಲ್ಲಿ ಕುಸಿದು ಕೂತು ಅತ್ತೆಯ ಎರಡೂ ಕಾಲು ಹಿಡಿದುಕೊಂಡಳು. ರೇವಮ್ಮನಿಗೆ ಏನೂ ತಿಳಿಯಲಿಲ್ಲ. ಕಂದೀಲು ಇಳಿಸಲೋ ಬೇಡವೋ, ಎಣ್ಣೆ ಸುಮ್ಮನೆ ಸುಡುತ್ತಿದೆ, ಅವರು ರೋಜಾ ಬಿಟ್ಟರೋ ಇಲ್ಲವೋ ಎಂದು ಕೇಳುತ್ತಲೇ ಇದ್ದಳು.